ಕಸಿಯಾದ ಮಗುವನ್ನು ಬಚ್ಚಿಡುವುದು ಬೇಡ

ಹೆತ್ತವರು ತಮ್ಮ ಒಡಲಿನ ತುಣುಕೊಂದನ್ನು ಕೊಟ್ಟು ಮಗುವನ್ನು ಉಳಿಸಿಕೊಂಡರೆಂಬ ಮಾತು ನಮ್ಮ ಹಿರಿಯರಿಗೆ ಪುರಾಣದ ಕಥೆಯಂತೆ ತೋರುತ್ತಿತ್ತು. 1963ರಲ್ಲಿ ಅಮೆರಿಕೆಯ ಡೆನ್ವರ್ ನಗರದಲ್ಲಿ ಡಾ. ಥಾಮಸ್ ಸ್ಟಾರ್ಜ್ಲ್ ಅವರು ಮೂರು ವರ್ಷದ ಮಗುವಿಗೆ ಮನುಷ್ಯರಲ್ಲಿ ಮೊತ್ತಮೊದಲ ಯಕೃತ್ತಿನ ಕಸಿಯನ್ನು ಮಾಡಲೆತ್ನಿಸಿದಾಗ ಆ ಮಗು ಉಳಿಯಲಿಲ್ಲ. 1998ರ ನವೆಂಬರಿನಲ್ಲಿ ದೆಹಲಿಯ ಅಪೋಲೊ ಆಸ್ಪತ್ರೆಯಲ್ಲಿ, ಕಾಂಚೀಪುರದಿಂದ ಬಂದ, ಎರಡು ವರ್ಷವೂ ತುಂಬದ ಕೂಸಿಗೆ ತಂದೆಯ ಯಕೃತ್ತಿನ ಭಾಗವನ್ನು ಕಸಿಮಾಡಲಾಯಿತು. ಭಾರತದಲ್ಲಿ ಮಗುವಿಗೆ ಯಶಸ್ವಿಯಾಗಿ ನಡೆದ ಮೊದಲ ಯಕೃತ್ ಕಸಿ ಅದು. ಆ ಕೂಸು ಬೆಳೆದು ತಾನೇ ವೈದ್ಯನಾಯಿತೆಂಬುದು ಸಂತೋಷದ ಸಂಗತಿ.

ಲಿವರ್ ಎಂದು ನಾವೆಲ್ಲ ಕರೆಯುವ ಈ ಅಂಗದ ಕಸಿ ಎಳೆಯ ಮಕ್ಕಳಿಗೆ ಬೇಕಾಗುವುದು ಹೆಚ್ಚಾಗಿ ಒಂದು ಕಾರಣದಿಂದ. ಕೆಲವು ಶಿಶುಗಳಲ್ಲಿ ಪಿತ್ತನಾಳಗಳು ಮುಚ್ಚಿಹೋಗಿರುತ್ತವೆ. ಹುಟ್ಟಿದ ಎರಡು ವಾರಗಳ ಮೇಲೂ ಕಾಮಾಲೆ ಇಳಿಯದಿದ್ದರೆ, ಮಲ ಸುಣ್ಣದಂತೆ ಬಿಳಿಚಿಕೊಂಡಿದ್ದರೆ ಕೂಡಲೇ ವೈದ್ಯರಲ್ಲಿಗೆ ಒಯ್ಯಬೇಕು. ಜಪಾನಿನ ಡಾ. ಕಸಾಯಿ ಅವರ ಹೆಸರಿನ ಶಸ್ತ್ರಕ್ರಿಯೆಯನ್ನು ಸುಮಾರು 60 ದಿನಗಳ ಒಳಗೆ ಮಾಡಿದರೆ ಫಲ ಹೆಚ್ಚು. ಅದು ಫಲಿಸದಾಗ ಅಥವಾ ಕಾಲ ಮೀರಿದಾಗ ಕಸಿಯೇ ದಾರಿ. ತಾಯಿಯೋ ತಂದೆಯೋ ಯಕೃತ್ತಿನ ಒಂದು ಭಾಗವನ್ನು ಕೊಡುತ್ತಾರೆ. ಕೊಟ್ಟವರಲ್ಲಿ ಉಳಿದದ್ದು ಮತ್ತೆ ಬೆಳೆಯುತ್ತದೆ. ಪಡೆದ ಭಾಗವು ಮಗುವಿನೊಡನೆಯೇ ಬೆಳೆಯುತ್ತದೆ.

ಶಸ್ತ್ರಚಿಕಿತ್ಸೆ ಮುಗಿದರೆ ಕಷ್ಟ ತೀರಿತೆಂದು ಬಂಧುಗಳು ಭಾವಿಸುತ್ತಾರೆ. ತಾಯ್ತಂದೆಯರ ನಿಜವಾದ ಕರ್ತವ್ಯ ಆರಂಭವಾಗುವುದು ಅಂದಿನಿಂದ. ಹೊಸ ಅಂಗವನ್ನು ದೇಹವು ಪರಕೀಯವೆಂದೆಣಿಸಿ ತಿರಸ್ಕರಿಸದಂತೆ ರೋಗನಿರೋಧಕ ಶಕ್ತಿಯನ್ನು ಹದದಲ್ಲಿ ತಗ್ಗಿಸಿಡಬೇಕು. ಇದಕ್ಕಾಗಿ ಕೊಡುವ ಟ್ಯಾಕ್ರೊಲಿಮಸ್ ಎಂಬ ಔಷಧವನ್ನು ಸಾಮಾನ್ಯವಾಗಿ ಹನ್ನೆರಡು ಗಂಟೆಗೊಮ್ಮೆ, ವರ್ಷಗಟ್ಟಲೆ ಕೊಡಬೇಕು. ರಕ್ತದಲ್ಲಿ ಅದರ ಪ್ರಮಾಣ ಕಡಿಮೆಯಾದರೆ ಕಸಿಗೆ ಅಪಾಯ. ಹೆಚ್ಚಾದರೆ ಮೂತ್ರಪಿಂಡಗಳಿಗೆ ಹಾನಿ. ಆದುದರಿಂದಲೇ ಮತ್ತೆ ಮತ್ತೆ ರಕ್ತಪರೀಕ್ಷೆ. ಆ ದಿನ ಬೆಳಗಿನ ಔಷಧವನ್ನು ರಕ್ತ ತೆಗೆದ ಮೇಲೆಯೇ ಕೊಡಬೇಕೆಂಬುದನ್ನು ಮನೆಯವರೆಲ್ಲ ನೆನಪಿಡತಕ್ಕದ್ದು.

ಇಷ್ಟನ್ನು ವೈದ್ಯರು ಹೇಳಿಯೇ ಹೇಳುತ್ತಾರೆ. ನಾನು ಹೇಳಬೇಕೆಂದಿರುವುದು ಬೇರೊಂದು ಮಾತು. ನಮ್ಮ ಎಷ್ಟೋ ಕುಟುಂಬಗಳು ಈ ಸಂಗತಿಯನ್ನು ಗುಟ್ಟಾಗಿಡಲು ಬಯಸುತ್ತವೆ. ಮಗು ಹೆಣ್ಣಾದರಂತೂ ಇನ್ನೂ ಹೆಚ್ಚು. ‘ನಾಳೆ ಮದುವೆಯ ಮಾತು ಬಂದಾಗ ಯಾರು ಒಪ್ಪುತ್ತಾರೆ?’ ಎಂಬ ಅಂಜಿಕೆಯಿಂದ ನೆರೆಮನೆಯವರಿಗೆ, ಶಾಲೆಗೆ, ಕೆಲವೊಮ್ಮೆ ಊರಿನಲ್ಲಿರುವ ಅಜ್ಜ ಅಜ್ಜಿಯರಿಗೂ ತಿಳಿಸುವುದಿಲ್ಲ. ಈ ಅಂಜಿಕೆ ಅರ್ಥವಾಗದ್ದಲ್ಲ. ಜನರ ನಾಲಗೆಗೆ ಕಡಿವಾಣವಿಲ್ಲ. ಆದರೆ ಈ ಗುಟ್ಟಿನ ಬೆಲೆಯನ್ನು ತೆರುವುದು ಮಗುವೇ ಎಂಬುದನ್ನು ಮರೆಯಲಾಗದು.

ತರಗತಿಯಲ್ಲಿ ಯಾರಿಗೋ ಸಿಡುಬಿನಂತಹ ಗುಳ್ಳೆಗಳೇಳುವ ಚಿಕನ್‌ಪಾಕ್ಸ್ ಬಂದಿತೆನ್ನಿ. ಇತರ ಮಕ್ಕಳಿಗೆ ಅದು ಒಂದೆರಡು ವಾರದ ರಜೆ. ಕಸಿಯಾದ ಮಗುವಿಗೆ ಪ್ರಾಣಾಪಾಯವಾಗಬಹುದು. ವಿಷಯ ತಿಳಿದ ಉಪಾಧ್ಯಾಯಿನಿ ಅಂದೇ ಮನೆಗೆ ಸುದ್ದಿ ಮುಟ್ಟಿಸುತ್ತಾರೆ, ತಾಯಿ ತಡಮಾಡದೆ ವೈದ್ಯರನ್ನು ಕಾಣುತ್ತಾಳೆ. ತಿಳಿಯದಿದ್ದವರು ಸುಮ್ಮನಿರುತ್ತಾರೆ. ಬೇಸಗೆಯ ರಜೆಯಲ್ಲಿ ಊರಿಗೆ ಹೋದಾಗ ಅಜ್ಜಿ ಪ್ರೀತಿಯಿಂದ ಚಕ್ಕೋತದ ತೊಳೆಗಳನ್ನು ಬಿಡಿಸಿ ಕೊಡುತ್ತಾರೆ. ಆ ಹಣ್ಣು ಟ್ಯಾಕ್ರೊಲಿಮಸ್ಸಿನ ಪ್ರಮಾಣವನ್ನು ರಕ್ತದಲ್ಲಿ ಏರಿಸಬಲ್ಲದೆಂಬುದು ಅವರಿಗೆ ಹೇಗೆ ತಿಳಿಯಬೇಕು? ಕೆಮ್ಮಿಗೆಂದು ಮಾಡಿದ ಕಷಾಯ, ಯಾರೋ ಕೊಟ್ಟ ನಾಟಿ ಮದ್ದು, ಅಂಗಡಿಯಿಂದ ತಂದ ನೋವಿನ ಮಾತ್ರೆ, ಕುಟುಂಬದ ಹಳೆಯ ವೈದ್ಯರು ಬರೆದ ಎರಿತ್ರೊಮೈಸಿನ್ ಇವೆಲ್ಲವನ್ನೂ ಕಸಿ ತಂಡದವರನ್ನು ಕೇಳದೆ ಕೊಡಲಾಗದು. ಜ್ವರ ಬಂದಾಗ ‘ನಾಳೆ ನೋಡೋಣ’ ಎನ್ನುವಂತಿಲ್ಲ. ವಾಂತಿಯಾದರೆ ಔಷಧವನ್ನು ಮತ್ತೆ ಕೊಡುವುದೋ ಬಿಡುವುದೋ ಎಂಬುದನ್ನು ಮನೆಯಲ್ಲಿ ನಿರ್ಧರಿಸುವಂತಿಲ್ಲ. ಜೀವಂತ ರೋಗಾಣುಗಳಿಂದ ತಯಾರಾದ ಲಸಿಕೆಗಳನ್ನು ಕಸಿಯ ನಂತರ ಸಾಮಾನ್ಯವಾಗಿ ಕೊಡುವುದಿಲ್ಲ. ಒಡಹುಟ್ಟಿದವರಿಗೆ ಪೋಲಿಯೋ ಹನಿ ಹಾಕಿಸುವ ಮುನ್ನವೂ ವೈದ್ಯರನ್ನು ಕೇಳಬೇಕು. ಮಗುವಿಗೆ ಉಣಿಸುವ, ಅದನ್ನು ನೋಡಿಕೊಳ್ಳುವ ಪ್ರತಿಯೊಬ್ಬರಿಗೂ ವಿಷಯ ತಿಳಿದಿರಬೇಕಾದುದು ಇದಕ್ಕಾಗಿ.

ಹಾಗೆಂದು ಬೀದಿಯಲ್ಲಿ ಡಂಗುರ ಸಾರಬೇಕೆಂದು ನನ್ನ ಅಭಿಪ್ರಾಯವಲ್ಲ. ತಿಳಿಯಬೇಕಾದವರಿಗೆ, ತಿಳಿಯಬೇಕಾದಷ್ಟನ್ನು ಸ್ಪಷ್ಟವಾಗಿ ತಿಳಿಸಬೇಕು. ಔಷಧಗಳ ಹೆಸರು, ವೇಳೆ, ಆಸ್ಪತ್ರೆಯ ದೂರವಾಣಿ ಸಂಖ್ಯೆಗಳನ್ನು ಬರೆದ ಒಂದು ಹಾಳೆ ಶಾಲೆಯಲ್ಲಿ, ಒಂದು ಅಡಿಗೆಮನೆಯ ಗೋಡೆಯ ಮೇಲೆ, ಒಂದು ಪ್ರಯಾಣದ ಚೀಲದಲ್ಲಿರಲಿ.

ಗುಟ್ಟಿನ ಬೆನ್ನಿಗೇ ಬರುವ ಇನ್ನೊಂದು ಪಿಡುಗು ಮಗುವನ್ನು ಪಂಜರದಲ್ಲಿಡುವುದು. ಮೊದಲ ತಿಂಗಳುಗಳಲ್ಲಿ ಜನಸಂದಣಿಯಿಂದ ದೂರವಿಡುವುದು ಅವಶ್ಯ. ಕುದಿಸಿ ಆರಿಸಿದ ನೀರು, ಬಿಸಿಯಾದ ಮನೆಯೂಟ, ತೊಳೆದ ಕೈಗಳು ಎಂದೆಂದಿಗೂ ಬೇಕು. ಆದರೆ ವೈದ್ಯರು ಅಪ್ಪಣೆಯಿತ್ತ ಮೇಲೂ ಶಾಲೆ ಬೇಡ, ಆಟ ಬೇಡ, ಗೆಳೆಯರು ಬೇಡ ಎನ್ನುವುದು ಪ್ರೀತಿಯ ಹೆಸರಿನ ಅನ್ಯಾಯ. ಇಂತಹ ಮಕ್ಕಳು ಓಡಬಲ್ಲರು, ಓದಬಲ್ಲರು, ದುಡಿಯಬಲ್ಲರು; ಕಸಿಯಾದ ಹೆಣ್ಣುಮಕ್ಕಳು ಬೆಳೆದು, ವೈದ್ಯರ ಮೇಲ್ವಿಚಾರಣೆಯಲ್ಲಿ ಆರೋಗ್ಯವಂತ ಶಿಶುಗಳನ್ನು ಹೆತ್ತಿದ್ದಾರೆ. ಗಡಿಯಾರದ ವಿಷಯದಲ್ಲಿ ಕಟ್ಟುನಿಟ್ಟಾಗಿರೋಣ, ಬಾಲ್ಯದ ವಿಷಯದಲ್ಲಿ ಉದಾರಿಗಳಾಗೋಣ.

ಮುಖ್ಯವಾಗಿ, ಸತ್ಯವನ್ನು ಮಗುವಿನಿಂದಲೇ ಮರೆಮಾಡಬಾರದು. ಹರೆಯದಲ್ಲಿ ಔಷಧವನ್ನು ತಪ್ಪಿಸುವುದರಿಂದ ಚೆನ್ನಾಗಿದ್ದ ಕಸಿಯೂ ಕೆಡುವುದುಂಟು. ಹೊಟ್ಟೆಯ ಮೇಲಿನ ಗಾಯದ ಗುರುತು ನಾಚಿಕೆಯದೆಂದು ನಂಬಿಸಿ ಬೆಳೆಸಿದ ಮಗು, ಹದಿನೈದರ ಪ್ರಾಯದಲ್ಲಿ ಮಾತ್ರೆಯನ್ನೂ ನಾಚಿಕೆಯದೆಂದೇ ಬಗೆದೀತು. ಐದು ವರ್ಷಕ್ಕೆ ‘ಅಪ್ಪ ನಿನಗೆ ತನ್ನ ಯಕೃತ್ತಿನ ಪಾಲು ಕೊಟ್ಟಿದ್ದಾರೆ, ಅದನ್ನು ಕಾಯಲು ಈ ಔಷಧ’ ಎಂದು ಹೇಳಿ. ಹತ್ತಕ್ಕೆ ಔಷಧದ ಹೆಸರನ್ನು ಕಲಿಸಿ. ಮುಂದೆ ವೈದ್ಯರೊಡನೆ ತಾನೇ ಮಾತಾಡಲು ಬಿಡಿ.

ಪರಊರಿನಲ್ಲಿರುವ ನಮಗೆ ಇದರಲ್ಲಿ ಇನ್ನೊಂದು ಹೊಣೆಯಿದೆ. ಚೆನ್ನೈ, ಮುಂಬಯಿ, ದೆಹಲಿ, ಹೈದರಾಬಾದುಗಳ ದೊಡ್ಡ ಆಸ್ಪತ್ರೆಗಳಿಗೆ ಹೊರಊರಿಂದ ಬರುವ ಕುಟುಂಬಗಳು ಕಸಿಯ ಮೇಲೂ ಕೆಲಕಾಲ ಅಲ್ಲಿಯೇ ಬಾಡಿಗೆ ಕೋಣೆಯಲ್ಲಿ ನಿಲ್ಲಬೇಕಾಗುತ್ತದೆ. ಕೊಟ್ಟ ತಂದೆಯೂ ಪಡೆದ ಮಗುವೂ ಒಂದೇ ವೇಳೆಗೆ ಹಾಸಿಗೆ ಹಿಡಿದಿರುವಾಗ ತಾಯಿ ಒಬ್ಬಳೇ ಭಾಷೆ ತಿಳಿಯದ ಊರಿನಲ್ಲಿ ಎಷ್ಟೆಂದು ಓಡಾಡಿಯಾಳು? ರಾಜ್ಯೋತ್ಸವಕ್ಕೆ ಒಂದುಗೂಡುವ ನಮ್ಮ ಸಂಘಗಳು ರಕ್ತದಾನಿಗಳ ಪಟ್ಟಿಯೊಂದನ್ನು, ಆಸ್ಪತ್ರೆಯಲ್ಲಿ ಕನ್ನಡದಲ್ಲಿ ಮಾತು ತಿಳಿಸಿಕೊಡಬಲ್ಲ ಇಬ್ಬರು ಸದಸ್ಯರನ್ನು, ಒಂದು ಹೊತ್ತಿನ ಶುಚಿಯಾದ ಅಡಿಗೆಯನ್ನು ಒದಗಿಸಲಾರವೇ? ಆದರೆ ನೆರವು ತಲುಪಬೇಕಾದರೆ ಮೊದಲು ವಿಷಯ ಗೊತ್ತಾಗಬೇಕು. ಕುಟುಂಬವು ಬಾಯಿಬಿಟ್ಟು ಹೇಳಲಿ. ಕೇಳಿದವರು ಕರುಣೆಯ ಮಾತಿಗೆ ನಿಲ್ಲದೆ, ಆ ಮಗುವನ್ನು ತಮ್ಮ ಮಕ್ಕಳೊಡನೆ ಆಟಕ್ಕೆ ಕರೆಯಲಿ.