ಸ್ವರಲಿಪಿಯೂ ಕುಂಟೆಬಿಲ್ಲೆಯೂ

ಕನ್ನಡ ಓದಬಲ್ಲ ಮಗುವಿಗೆ ಸ್ವರಲಿಪಿಯನ್ನು ಕಲಿಸುವುದು ಸುಲಭವೆಂದು ತೋರುತ್ತದೆ. ಸ, ರಿ, ಗ, ಮ ಎಂಬ ಅಕ್ಷರಗಳು ಅದಕ್ಕೆ ಮೊದಲೇ ಪರಿಚಿತ. ತೊಡಕಿರುವುದೂ ಅಲ್ಲಿಯೇ. ಕರಿಹಲಗೆಯ ಮೇಲಿನ ಸರಳೆವರಸೆಯನ್ನು ಮಗು ಗಡಗಡನೆ ಓದಿಬಿಡುತ್ತದೆ, ಹಾಡುವುದಿಲ್ಲ. ಅಕ್ಷರ ಬಂದಿತು, ಸ್ವರ ಬರಲಿಲ್ಲ. ತಪ್ಪಿಲ್ಲದೆ ನಕಲು ಮಾಡಿದ ಪುಸ್ತಕಕ್ಕೆ ಉಪಾಧ್ಯಾಯರು ಕೆಂಪು ಶಾಯಿಯಲ್ಲಿ ಸಹಿ ಹಾಕುತ್ತಾರೆ. ಪಾಠವಾಯಿತೆಂದು ಇಬ್ಬರೂ ತೃಪ್ತರು.

ಇನ್ನೊಂದು ತೊಡಕನ್ನು ಭಾಷೋಪಾಧ್ಯಾಯರು ಗಮನಿಸಬೇಕು. ಅಲ್ಪವಿರಾಮ ಕಂಡಲ್ಲಿ ಧ್ವನಿಯನ್ನು ಕ್ಷಣಕಾಲ ನಿಲ್ಲಿಸಬೇಕೆಂಬುದು ವ್ಯಾಕರಣದ ಪಾಠ. ಕರ್ನಾಟಕ ಸಂಗೀತದ ಲಿಪಿಯಲ್ಲಿ ಅದೇ ಚಿಹ್ನೆ, ಹಿಂದಿನ ಸ್ವರವನ್ನು ಇನ್ನೊಂದು ಅಕ್ಷರಕಾಲ ಎಳೆಯಬೇಕೆನ್ನುತ್ತದೆ. ಅರ್ಧವಿರಾಮವು ಎರಡು ಅಕ್ಷರಕಾಲ. ಒಂದೇ ಗೆರೆಗೆ ಎರಡು ತರಗತಿಗಳಲ್ಲಿ ವಿರುದ್ಧವಾದ ಎರಡು ಅರ್ಥ! ಬಾಯಿಮಾತಿನ ವಿವರಣೆಯಿಂದ ಇದು ಮಗುವಿಗೆ ತಿಳಿಯದು. ಮಕ್ಕಳನ್ನೇ ಸಾಲಾಗಿ ನಿಲ್ಲಿಸಿ, ಒಬ್ಬೊಬ್ಬರಿಗೆ ಒಂದೊಂದು ಸ್ವರವನ್ನು ಕೊಟ್ಟು, ನಡುವೆ ಒಬ್ಬನನ್ನು ಅಲ್ಪವಿರಾಮವನ್ನಾಗಿ ಮಾಡಬೇಕು. ಅವನು ಹಿಂದಿನವನ ಕೈ ಹಿಡಿದು ಅವನ ಸ್ವರವನ್ನೇ ಮುಂದುವರಿಸಲಿ. ಮರುದಿನ ಪುಸ್ತಕದಲ್ಲಿ ಆ ಚಿಹ್ನೆ ಕಂಡಾಗ ಯಾರೂ ನಿಲ್ಲುವುದಿಲ್ಲ.

ದೇಹದಿಂದ ಸ್ವರವನ್ನು ಕಲಿಸುವ ವಿಧಾನ ಹೊಸದಲ್ಲ. ಇಂಗ್ಲೆಂಡಿನ ಜಾನ್ ಕರ್ವೆನ್ (1816-1880) ಒಂದೊಂದು ಸ್ವರಕ್ಕೆ ಒಂದೊಂದು ಹಸ್ತಮುದ್ರೆಯನ್ನು ಬಳಕೆಗೆ ತಂದರು. ಹಂಗೇರಿಯಲ್ಲಿ ಜೋಲ್ಟಾನ್ ಕೊಡಾಯ್ (1882-1967) ಅವರ ಪಂಥದವರು ಅದನ್ನು ಶಾಲೆಗಳಲ್ಲಿ ನೆಲೆಗೊಳಿಸಿದರು. ಸ್ವಿಟ್ಜರ್ಲೆಂಡಿನ ಡಾಲ್ಕ್ರೋಜ್ (1865-1950) ಲಯವನ್ನು ಮಕ್ಕಳ ನಡಿಗೆಯಲ್ಲಿಯೇ ಕಂಡರು. ಕೈಯಲ್ಲಿ ತಾಳ ಹಾಕದೆ ಸಂಗೀತ ಕಲಿಯದ ನಮ್ಮ ನಾಡಿಗೆ ಇದನ್ನು ಹೊರಗಿನವರು ಹೇಳಿಕೊಡಬೇಕಾಗಿರಲಿಲ್ಲ.

ನಮ್ಮ ಅಂಗಳದ ಕುಂಟೆಬಿಲ್ಲೆಯೇ ಸಾಕು. ಆದರೆ ಸ್ವರಕ್ಕೊಂದು ಮನೆಯಂತೆ ಸಮನಾದ ಏಳು ಮನೆಗಳನ್ನು ಬರೆದರೆ ಆಟವು ಸುಳ್ಳನ್ನು ಕಲಿಸುತ್ತದೆ, ಏಕೆಂದರೆ ಸ್ವರಗಳ ನಡುವಣ ಅಂತರ ಸಮನಲ್ಲ. ಸೀಮೆಸುಣ್ಣದಿಂದ ಸಮಾಂತರವಾಗಿ 13 ಗೆರೆಗಳನ್ನು ಎಳೆಯಲಿ. ಸ್ಥಾಯಿಯ 12 ಸ್ವರಸ್ಥಾನಗಳೂ ತಾರಷಡ್ಜವೂ ಅಲ್ಲಿ ಬಂದವು. ಆರಂಭದ ಪಾಠಗಳ ಮಾಯಾಮಾಳವಗೌಳದಲ್ಲಿ ಷಡ್ಜವು 1ನೆಯ ಗೆರೆ, ರಿಷಭ 2, ಗಾಂಧಾರ 5, ಮಧ್ಯಮ 6, ಪಂಚಮ 8, ಧೈವತ 9, ನಿಷಾದ 12, ಮೇಲಿನ ಷಡ್ಜ 13. ಸ-ದಿಂದ ರಿ-ಗೆ ಪುಟ್ಟ ಹೆಜ್ಜೆ, ರಿ-ಯಿಂದ ಗ-ಕ್ಕೆ ನೆಗೆತ. ಉಪಾಧ್ಯಾಯರು ಮಾತನಾಡದೆ ಹಲಗೆಯ ಮೇಲಿನ ಅಕ್ಷರವನ್ನು ತೋರಿಸಲಿ. ಒಬ್ಬನು ನೆಗೆಯಲಿ, ಉಳಿದವರು ಶ್ರುತಿಯೊಡನೆ ಹಾಡಲಿ. ಪುಟದ ಮೇಲೆ ಕಾಣದ ಅಂತರವು ಕಾಲಿಗೆ ತಿಳಿಯುತ್ತದೆ. ಭಾತಖಂಡೆಯವರ ಲಿಪಿ ರೂಢಿಯಲ್ಲಿರುವೆಡೆ, ಅಕ್ಷರದ ಕೆಳಗೆ ಬಿಂದು ಕಂಡರೆ ಮಂದ್ರವೆಂದು ಕುಳಿತುಕೊಳ್ಳುವುದು, ಮೇಲೆ ಕಂಡರೆ ತಾರವೆಂದು ಕೈಯೆತ್ತುವುದು, ಇಷ್ಟೇ ಸೇರಿಸಿದರಾಯಿತು.

ಒಂದು ಎಚ್ಚರಿಕೆ ಅವಶ್ಯ. ತಪ್ಪಿದವನು ಆಟದಿಂದ ಹೊರಗೆ ಎಂಬ ನಿಯಮ ಇಲ್ಲಿ ಸಲ್ಲದು. ಯಾರಿಗೆ ಅಭ್ಯಾಸ ಹೆಚ್ಚು ಬೇಕೋ ಅವನೇ ಮೊದಲು ಗೋಡೆಗೊರಗಿ ಕೂರುತ್ತಾನೆ. ತಪ್ಪಿದವನು ಜೊತೆಗಾರನೊಬ್ಬನೊಡನೆ ಮತ್ತೆ ನೆಗೆಯಲಿ.

ಗಮಕವನ್ನು ಯಾವ ಲಿಪಿಯೂ ಹಿಡಿದಿಡಲಾರದು, ಗುರುಮುಖವೇ ಗತಿ ಎಂಬ ಹಿರಿಯರ ಆಕ್ಷೇಪ ಸತ್ಯವೇ. ಆದರೆ ನಲವತ್ತು ಮಕ್ಕಳಿಗೆ ವಾರಕ್ಕೊಂದು ಅವಧಿ ದೊರೆಯುವಲ್ಲಿ ಗುರುಮುಖವು ಪ್ರತಿಯೊಬ್ಬನತ್ತ ಎಷ್ಟು ಹೊತ್ತು ತಿರುಗೀತು? ಮನೆಯಲ್ಲಿ ಪಾಠದ ನೆನಪನ್ನು ಕಾಯುವುದು ಲಿಪಿಯೇ. ಅದನ್ನು ಮಗು ಹಾಡಿಕೊಳ್ಳಲಾರದೆ ಹೋದರೆ ಪುಸ್ತಕವಿದ್ದೂ ಇಲ್ಲದಂತೆ.

ಇದಕ್ಕೆ ಬೇಕಾದದ್ದು ಒಂದು ಶ್ರುತಿಪೆಟ್ಟಿಗೆ ಮತ್ತು ಪಕ್ಕದ ಗಣಿತದ ತರಗತಿಗೆ ಕೇಳಿಸದಷ್ಟು ದೂರದ ಅಂಗಳ. ದಾನಿಗಳಿಗೆ ಇದು ಭಾರವಾಗದು. ಉಪಾಧ್ಯಾಯರು ಮಾಡಬೇಕಾದದ್ದು ಸ್ವಲ್ಪ ಹೆಚ್ಚು: ವಾರ್ಷಿಕ ಪರೀಕ್ಷೆಯಲ್ಲಿ ಸರಳೆವರಸೆಯನ್ನು ಬರೆಯಿಸುವುದನ್ನು ಬಿಟ್ಟು, ಮಗು ಹಿಂದೆಂದೂ ನೋಡಿರದ ಒಂದು ಸಾಲನ್ನು ಮುಂದಿಟ್ಟು ಹಾಡಿಸಲಿ.