ಬಾನಿನ ನಿಲ್ದಾಣಕ್ಕೂ ಹೊಸ ಪಂಚಾಂಗ ಬೇಕು



ಊರಿನಿಂದ ತರಿಸಿದ ಪಂಚಾಂಗ ನಿಮ್ಮಲ್ಲಿ ಅನೇಕರ ಮನೆಯಲ್ಲಿ ದೇವರ ಗೂಡಿನ ಪಕ್ಕ ಇದ್ದೀತು. ಉಡುಪಿಗೆಂದು ಲೆಕ್ಕ ಹಾಕಿದ ಸೂರ್ಯೋದಯ ಮುಂಬಯಿಗೆ ಹಾಗೆಯೇ ಹೊಂದುವುದಿಲ್ಲವೆಂದು ಹಿರಿಯರಿಗೆ ಗೊತ್ತು. ಹೋದ ವರ್ಷದ ಪಂಚಾಂಗ ಈ ವರ್ಷ ನಡೆಯದೆಂದು ನಿಮಗೂ ಗೊತ್ತು. ಊರು ಸರಿಯಿರಬೇಕು, ಹೊತ್ತು ಸರಿಯಿರಬೇಕು, ಲೆಕ್ಕ ಹೊಸದಿರಬೇಕು. ನಿಮ್ಮ ಕಂಪ್ಯೂಟರಿನೊಳಗಿನ ಆಕಾಶಕ್ಕೂ ಇವೇ ಮೂರು ನಿಯಮಗಳು.

ಸ್ಟೆಲ್ಲೇರಿಯಂ ಎಂಬ ತಂತ್ರಾಂಶವನ್ನು ನಿಮ್ಮಲ್ಲಿ ಕೆಲವರು ಬಳಸುತ್ತಿರಬಹುದು. ಫ್ರಾನ್ಸಿನ ಫಾಬಿಯೆನ್ ಶೆರೋ 2000ದಲ್ಲಿ ಆರಂಭಿಸಿದ ಈ ತಂತ್ರಾಂಶ ಉಚಿತವಾಗಿ ಸಿಗುತ್ತದೆ. ಪರದೆಯ ಮೇಲೆ ಇಡೀ ಆಕಾಶವನ್ನೇ ಹರಡಿ ತೋರಿಸುತ್ತದೆ. ಅದರಲ್ಲಿ 'ಐಎಸ್‌ಎಸ್' ಎಂದು ಹುಡುಕಿದರೆ ಅಂತಾರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ಈ ಕ್ಷಣ ಎಲ್ಲಿದೆ ಎಂದು ಬೆರಳಿಟ್ಟು ತೋರಿಸುತ್ತದೆ. ಟೆರೇಸಿಗೆ ಓಡಿ ತಲೆಯೆತ್ತಿದರೆ ಕೆಲವೊಮ್ಮೆ ಅಲ್ಲಿ ಏನೂ ಇರುವುದಿಲ್ಲ! ತಪ್ಪು ಯಾರದು? ಆಕಾಶದ್ದಂತೂ ಅಲ್ಲ.

ಒಂದು ಮಾತು ನೆನಪಿಡಿ. ಆ ತಂತ್ರಾಂಶ ನಿಲ್ದಾಣವನ್ನು ನೋಡುತ್ತಿಲ್ಲ, ಲೆಕ್ಕ ಹಾಕುತ್ತಿದೆ. ಗುರು, ಶನಿಗಳ ಲೆಕ್ಕ ವರ್ಷಗಟ್ಟಲೆ ಕೆಡುವುದಿಲ್ಲ. ನಿಲ್ದಾಣದ ಮಾತು ಹಾಗಲ್ಲ. ಅದು ಭೂಮಿಯಿಂದ ಕೇವಲ 400 ಕಿ.ಮೀ.ಗಿಂತ ತುಸು ಮೇಲೆ, ಗಂಟೆಗೆ ಸುಮಾರು 28,000 ಕಿ.ಮೀ. ವೇಗದಲ್ಲಿ ಸುತ್ತುತ್ತದೆ. ಒಂದು ಸುತ್ತಿಗೆ ಸುಮಾರು 93 ನಿಮಿಷ, ದಿನಕ್ಕೆ ಹದಿನೈದೂವರೆ ಸುತ್ತು. ಮುಂಬಯಿಯಿಂದ ಉಡುಪಿಗೆ ಮತ್ಸ್ಯಗಂಧ ಎಕ್ಸ್‌ಪ್ರೆಸ್ಸಿಗೆ ಒಂದು ರಾತ್ರಿ ಬೇಕಾದರೆ, ನಿಲ್ದಾಣಕ್ಕೆ ಒಂದೂವರೆ ನಿಮಿಷ ಸಾಕು.

ಅಷ್ಟು ಎತ್ತರದಲ್ಲೂ ತೆಳುವಾದ ಗಾಳಿ ಇದೆ. ಅದರ ತಡೆಯಿಂದ ನಿಲ್ದಾಣ ತಿಂಗಳಿಗೆ ಸುಮಾರು 2 ಕಿ.ಮೀ. ಕೆಳಗಿಳಿಯುತ್ತದೆ. ಸೂರ್ಯನ ಅಬ್ಬರ ಹೆಚ್ಚಾದಾಗ ಆ ಗಾಳಿ ಉಬ್ಬಿ, ಇಳಿತವೂ ಹೆಚ್ಚುತ್ತದೆ. ಆದ್ದರಿಂದ ಆಗಾಗ ಎಂಜಿನ್ ಉರಿಸಿ ಅದನ್ನು ಮೇಲಕ್ಕೆ ನೂಕುತ್ತಾರೆ. ಇಲ್ಲಿದೆ ತೊಡಕು. 2 ಕಿ.ಮೀ. ಮೇಲೇರಿದರೆ ಒಂದು ಸುತ್ತಿಗೆ ಸುಮಾರು ಎರಡೂವರೆ ಸೆಕೆಂಡು ಹೆಚ್ಚು ಬೇಕು. ದಿನಕ್ಕೆ ಅದು 38 ಸೆಕೆಂಡು, ಹತ್ತು ದಿನಕ್ಕೆ ಆರು ನಿಮಿಷಕ್ಕೂ ಮಿಕ್ಕಿ. ಹಳೆಯ ಲೆಕ್ಕ ನಂಬಿದವರು ಕಾದು ಬೇಸತ್ತು ಲಿಫ್ಟಿನಲ್ಲಿ ಕೆಳಗಿಳಿಯುವಾಗ ನಿಲ್ದಾಣ ತಲೆಯ ಮೇಲೆ ಹಾದುಹೋಗುತ್ತಿರುತ್ತದೆ!

ಈ ಲೆಕ್ಕದ ಮೂಲ ಎರಡು ಸಾಲು ಅಂಕಿಗಳು. ಒಂದೊಂದು ಸಾಲಿನಲ್ಲಿ 69 ಅಕ್ಷರಸ್ಥಾನ. ಕಕ್ಷೆಯ ಓರೆ, ದಿನಕ್ಕೆ ಎಷ್ಟು ಸುತ್ತು, ಗಾಳಿಯ ತಡೆ ಎಷ್ಟು ಎಂಬುದೆಲ್ಲ ಅದರಲ್ಲಿ ಅಡಗಿದೆ. ನಿಲ್ದಾಣದ ಕ್ರಮಸಂಖ್ಯೆ 25544. ಮೊದಲ ಸಾಲಿನಲ್ಲಿ ಅಳತೆಯ ದಿನಾಂಕವೂ ಇರುತ್ತದೆ. ಉದಾಹರಣೆಗೆ 25032.5 ಎಂದಿದ್ದರೆ 2025ನೇ ಇಸವಿಯ 32ನೇ ದಿನ, ಅಂದರೆ ಫೆಬ್ರವರಿ 1, ಗ್ರೀನಿಚ್ ಮಧ್ಯಾಹ್ನ. ನಮ್ಮ ಗಡಿಯಾರದಲ್ಲಿ ಸಂಜೆ ಐದೂವರೆ. ಒಂದೆರಡು ದಿನ ಹಳತಾದರೆ ಸಾಮಾನ್ಯವಾಗಿ ಕಣ್ಣಿಗೆ ವ್ಯತ್ಯಾಸ ತಿಳಿಯದು. ವಾರಗಳು ಕಳೆದಿದ್ದರೆ ನಂಬಬೇಡಿ.

ಇನ್ನು ಮಾಡಬೇಕಾದ್ದು ಇಷ್ಟು. ಎಫ್ 2 ಒತ್ತಿ, ಪ್ಲಗಿನ್‌ಗಳ ಪಟ್ಟಿಯಲ್ಲಿ ಸ್ಯಾಟಲೈಟ್ಸ್ ಎಂಬುದನ್ನು ತೆರೆದು, ಅಂಕಿಗಳನ್ನು ಅಪ್‌ಡೇಟ್ ಮಾಡಿ. ಎಫ್ 6 ಒತ್ತಿ ನಿಮ್ಮ ಊರನ್ನು ಮುಂಬಯಿ ಎಂದು ಗೊತ್ತುಪಡಿಸಿ. 8 ಒತ್ತಿದರೆ ತಂತ್ರಾಂಶದ ಗಡಿಯಾರ ಈ ಕ್ಷಣಕ್ಕೆ ಬರುತ್ತದೆ. ಕಂಪ್ಯೂಟರಿನ ಗಡಿಯಾರವೂ ಸರಿಯಿರಲಿ.

ಊರು ತಪ್ಪಿದರೆ ಅಷ್ಟೇನು ನಷ್ಟ ಎನ್ನುವಿರಾ? ನಿಲ್ದಾಣ ಉಡುಪಿಯ ನೆತ್ತಿಯ ಮೇಲಿದೆ ಎನ್ನಿ. ಅದೇ ಕ್ಷಣ ಮುಂಬಯಿಯಲ್ಲಿ ಅದು ದಕ್ಷಿಣ ದಿಕ್ಕಿನಲ್ಲಿ, ದಿಗಂತದಿಂದ 28 ಡಿಗ್ರಿ ಎತ್ತರದಲ್ಲಷ್ಟೇ ಕಾಣುತ್ತದೆ. ಕೈ ನೀಡಿ ಮುಷ್ಟಿ ಹಿಡಿದರೆ ಅದರ ಅಗಲ ಸುಮಾರು 10 ಡಿಗ್ರಿ. ಅಂಥ ಮೂರು ಮುಷ್ಟಿಯೂ ಇಲ್ಲ. ಎದುರು ಬಿಲ್ಡಿಂಗ್ ಎತ್ತರವಾಗಿದ್ದರೆ ಮುಗಿಯಿತು. ಊರಿನಲ್ಲಿರುವ ಅಜ್ಜಿಗೆ ಫೋನು ಮಾಡಿ, ಅವರು ಅಂಗಳದಲ್ಲಿ, ನೀವು ಟೆರೇಸಿನಲ್ಲಿ ನಿಂತು ಒಂದೇ ಹೊತ್ತಿಗೆ ನೋಡಿ, ಎತ್ತರ ಹೋಲಿಸಿ. ಆ ಪಾಠವನ್ನು ಯಾವ ಪರದೆಯೂ ಕಲಿಸದು.

ಲೆಕ್ಕ ಸರಿಯಿದ್ದೂ ಕಾಣದಿರಬಹುದು. ನಿಲ್ದಾಣಕ್ಕೆ ತನ್ನದೇ ಬೆಳಕಿಲ್ಲ. ನಮ್ಮಲ್ಲಿ ಕತ್ತಲಾಗಿ, ಮೇಲೆ ಇನ್ನೂ ಬಿಸಿಲಿರುವ ಮುಸ್ಸಂಜೆ ಅಥವಾ ನಸುಕಿನಲ್ಲಿ ಮಾತ್ರ ಅದು ಹೊಳೆಯುತ್ತದೆ. ಭೂಮಿಯ ನೆರಳಿಗೆ ಹೊಕ್ಕರೆ ನಡು ಆಕಾಶದಲ್ಲೇ ಆರಿಹೋಗುತ್ತದೆ. ಪಶ್ಚಿಮದ ಕಡೆಯಿಂದ ಬಂದು ಪೂರ್ವದ ಕಡೆ, ಮಿನುಗದೆ, ಸಮನಾಗಿ ಸಾಗುವ ಚುಕ್ಕೆಯೇ ಅದು. ಮಿಣಿಮಿಣಿ ದೀಪವಿದ್ದರೆ ವಿಮಾನ. ಮಳೆಗಾಲ ಮುಗಿದ ಮೇಲೆ ಜುಹೂ ಅಥವಾ ಮರೀನ್ ಡ್ರೈವ್‌ನಲ್ಲಿ ನಿಂತರೆ ಪಶ್ಚಿಮದ ದಿಗಂತ ತೆರೆದಿರುತ್ತದೆ.

ಇದು ಬರೀ ಹವ್ಯಾಸಿಗಳ ಗೋಜಲಲ್ಲ. ಉಡುಪಿ ಸಮೀಪದ ಅದಮಾರಿನಲ್ಲಿ ಹುಟ್ಟಿದ ಯು. ಆರ್. ರಾವ್ ಅವರ ನೇತೃತ್ವದಲ್ಲಿ ಬೆಂಗಳೂರಿನ ಪೀಣ್ಯದಲ್ಲಿ ಸಿದ್ಧವಾದ ಆರ್ಯಭಟ 1975ರ ಏಪ್ರಿಲ್ 19ರಂದು ಸೋವಿಯತ್ ರಾಕೆಟ್ಟಿನಲ್ಲಿ ಮೇಲೇರಿತು. ಕೆಲವೇ ದಿನಗಳಲ್ಲಿ ಅದರ ವಿದ್ಯುತ್ ವ್ಯವಸ್ಥೆ ಕೆಟ್ಟಿತು. ಆದರೂ ಅದು ಸುತ್ತುತ್ತಲೇ ಇದ್ದು, ಅದೇ ತೆಳು ಗಾಳಿಯ ತಡೆಗೆ ಸಿಕ್ಕಿ 1992ರಲ್ಲಿ ಕೆಳಗೆ ಬಂದು ಉರಿದುಹೋಯಿತು. ಇಸ್ರೋದ ಸ್ಪೇಡೆಕ್ಸ್ ಜೋಡಿ ಉಪಗ್ರಹಗಳು 2025ರ ಜನವರಿಯಲ್ಲಿ ಒಂದನ್ನೊಂದು ಸೇರಬೇಕಿದ್ದಾಗ, ನಿರೀಕ್ಷೆಗಿಂತ ಹೆಚ್ಚು ದೂರ ಸರಿದವೆಂದು ಕೆಲಸ ಮುಂದೂಡಬೇಕಾಯಿತು. 16ರಂದು ಅವು ಕೂಡಿದವು. ಅದೇ ವರ್ಷ ಜೂನ್‌ನಲ್ಲಿ ಶುಭಾಂಶು ಶುಕ್ಲಾ ನಿಲ್ದಾಣ ತಲುಪಿದರು. ರಾವ್ ಅವರ ಹೆಸರನ್ನೇ ಹೊತ್ತ ಬೆಂಗಳೂರಿನ ಉಪಗ್ರಹ ಕೇಂದ್ರದಲ್ಲಿ ಸೇರಿದ್ದ ಮಕ್ಕಳೊಂದಿಗೆ ಜುಲೈ 4ರಂದು ಹ್ಯಾಮ್ ರೇಡಿಯೊ ಮೂಲಕ ಮಾತನಾಡಿದರು. ನಿಲ್ದಾಣ ದಿಗಂತದ ಮೇಲಿರುವುದು ಹತ್ತು ನಿಮಿಷ ಮಾತ್ರ. ಅದು ಎಲ್ಲಿದೆ, ಯಾವಾಗ ಬರುತ್ತದೆ ಎಂದು ನಿಖರವಾಗಿ ತಿಳಿಯದೆ ಅಂಥ ಸಂಭಾಷಣೆ ಸಾಧ್ಯವಿಲ್ಲ.

ಪರದೆ ತೋರಿಸಿದ್ದನ್ನೆಲ್ಲ ಸತ್ಯವೆಂದು ಒಪ್ಪುವ ಮುನ್ನ ಅದು ಎಂದಿನ ಅಳತೆ, ಯಾವ ಊರಿನ ಲೆಕ್ಕ ಎಂದು ಕೇಳುವ ಅಭ್ಯಾಸ ನಿಮ್ಮದಾಗಲಿ. ಭಾರತದ್ದೇ ಆದ ಅಂತರಿಕ್ಷ ನಿಲ್ದಾಣವನ್ನು 2035ರೊಳಗೆ ಕಟ್ಟುವ ಗುರಿಯನ್ನು ಸರ್ಕಾರ ಘೋಷಿಸಿದೆ. ಅದರ ಜಾಡು ಹಿಡಿಯುವವರು ನಿಮ್ಮ ವಯಸ್ಸಿನವರೇ.

ಈ ತಿಂಗಳ ಕೆಲಸ: ಪರದೆ ಹೇಳಿದ ಹೊತ್ತು, ನೀವು ಕಂಡ ಹೊತ್ತು, ಎರಡರ ಅಂತರ ಎಷ್ಟು ಸೆಕೆಂಡು? ಊರಿನ ಹೆಸರು, ಅಂಕಿಗಳ ದಿನಾಂಕ ಸಹಿತ ಕನ್ನಡದಲ್ಲಿ ಬರೆದು ಕಳಿಸಿ. ಕನ್ನಡ ಬರವಣಿಗೆ ಕಷ್ಟವೆನಿಸಿದರೆ ಅಮ್ಮನ ಹತ್ತಿರ ಕೂತು ಬರೆಯಿರಿ. ಅವರನ್ನೂ ಟೆರೇಸಿಗೆ ಕರೆದುಕೊಂಡು ಹೋಗಿ.