ಫೈಲ್ ಅಳಿಸಿಹೋಯಿತೇ? ಮುಚ್ಚಿಡಬೇಡಿ, ಹೇಳಿ

ಪರೀಕ್ಷೆ ಹತ್ತಿರ ಬಂದಾಗ ನಮ್ಮ ಕಂಪ್ಯೂಟರ್ ಲ್ಯಾಬ್‌ನಲ್ಲಿ ಒಬ್ಬರದಾದರೂ ಫೈಲ್ ಅಳಿಸಿಹೋಗುತ್ತದೆ. ಬೇರೆಲ್ಲೂ ಪ್ರತಿ ಇರುವುದಿಲ್ಲ. ಸರ್ ಬೈಯುತ್ತಾರೆಂಬ ಭಯದಿಂದ ಆ ವಿದ್ಯಾರ್ಥಿ ಯಾರಿಗೂ ಹೇಳದೆ, ಇಂಟರ್ನೆಟ್‌ನಿಂದ ಯಾವುದೋ ಸಾಫ್ಟ್‌ವೇರ್ ಇಳಿಸಿ ಅದೇ ಕಂಪ್ಯೂಟರಿಗೆ ಹಾಕುತ್ತಾನೆ. ಫೈಲ್ ಉಳಿಸಲೆಂದು ಮಾಡಿದ ಈ ಕೆಲಸವೇ ಅದನ್ನು ಶಾಶ್ವತವಾಗಿ ಕಳೆಯಬಹುದು. ಆದ್ದರಿಂದ ಇಲ್ಲಿ ನಿಜವಾದ ಶತ್ರು ಡಿಲೀಟ್ ಬಟನ್ ಅಲ್ಲ, ಭಯ ಎಂಬುದು ನನ್ನ ಅಭಿಪ್ರಾಯ.

ಕಾರಣ ಸರಳ. ಹಾರ್ಡ್ ಡಿಸ್ಕಿನಲ್ಲಿ ಫೈಲ್ ಡಿಲೀಟ್ ಮಾಡುವುದೆಂದರೆ ಲೈಬ್ರರಿಯ ಪಟ್ಟಿಯಲ್ಲಿ ಪುಸ್ತಕದ ಹೆಸರು ಹೊಡೆದುಹಾಕಿದಂತೆ. ಪುಸ್ತಕ ಕಪಾಟಿನಲ್ಲೇ ಇರುತ್ತದೆ. ಆದರೆ ಆ ಜಾಗ ಖಾಲಿ ಎಂದು ದಾಖಲಾಗಿರುವುದರಿಂದ ಮುಂದೆ ಬರುವ ಫೈಲ್ ಅಲ್ಲೇ ಕೂರಬಹುದು. ಹಾಗೆ ಕೂತರೆ ಹಳೆಯದು ಮರಳುವುದಿಲ್ಲ. ಎಸ್‌ಎಸ್‌ಡಿ ಇರುವ ಹೊಸ ಕಂಪ್ಯೂಟರುಗಳಲ್ಲಿ ಅವಕಾಶ ಇನ್ನೂ ಕಡಿಮೆ. ಅಲ್ಲಿ ಟ್ರಿಮ್ ಎಂಬ ವ್ಯವಸ್ಥೆ ಅಳಿಸಿದ ಮಾಹಿತಿಯನ್ನು ಬೇಗನೆ ತೆರವು ಮಾಡಿಬಿಡುತ್ತದೆ.

ಹಾಗಾಗಿ ಮೊದಲು ರೀಸೈಕಲ್ ಬಿನ್ ನೋಡಿ. ಶಿಫ್ಟ್ ಒತ್ತಿ ಡಿಲೀಟ್ ಮಾಡಿದ್ದರೆ, ಅಥವಾ ಫೈಲ್ ಪೆನ್‌ಡ್ರೈವಿನಲ್ಲಿದ್ದರೆ, ಸಾಮಾನ್ಯವಾಗಿ ಅದು ಅಲ್ಲಿ ಸಿಗುವುದಿಲ್ಲ. ಆಗ ಆ ಡಿಸ್ಕಿನಲ್ಲಿ ಏನನ್ನೂ ಸೇವ್ ಮಾಡದೆ ಲ್ಯಾಬ್ ಸರ್‌ಗೆ ಹೇಳಿ. ಫೋಟೋರೆಕ್, ರೆಕುವಾದಂಥ ಸಾಫ್ಟ್‌ವೇರ್‌ಗಳನ್ನು ಬೇರೆ ಪೆನ್‌ಡ್ರೈವಿನಿಂದ ನಡೆಸಿ, ಸಿಕ್ಕಿದ್ದನ್ನು ಬೇರೆ ಡಿಸ್ಕಿನಲ್ಲೇ ಉಳಿಸಬೇಕು. ಫೋಟೋರೆಕ್ ಬಳಸಿದರೆ ಫೈಲಿನ ಹಳೆಯ ಹೆಸರು ಸಿಗುವುದಿಲ್ಲ. ಒಂದೊಂದನ್ನೂ ತೆರೆದು ನೋಡುವ ತಾಳ್ಮೆ ಬೇಕು.

ದೊಡ್ಡ ಸಂಸ್ಥೆಗಳಿಗೂ ಹೀಗಾಗಿದೆ. 1998ರಲ್ಲಿ ಅಮೆರಿಕದ ಪಿಕ್ಸಾರ್ ಸಂಸ್ಥೆಯಲ್ಲಿ ಒಂದು ತಪ್ಪು ಕಮಾಂಡಿನಿಂದ 'ಟಾಯ್ ಸ್ಟೋರಿ 2' ಚಿತ್ರದ ಫೈಲುಗಳು ಒಂದೊಂದಾಗಿ ಮಾಯವಾಗತೊಡಗಿದವು. ಅದನ್ನು ಕಂಡವರು ಕೂಡಲೇ ಫೋನ್ ಮಾಡಿ ಯಂತ್ರ ನಿಲ್ಲಿಸಲು ಹೇಳಿದರು. ಬ್ಯಾಕಪ್ ನೋಡಿದರೆ ಅದೂ ಕೆಟ್ಟಿತ್ತು. ಹೆರಿಗೆಯ ನಂತರ ಮನೆಯಿಂದಲೇ ಕೆಲಸ ಮಾಡುತ್ತಿದ್ದ ಗ್ಯಾಲಿನ್ ಸುಸ್ಮನ್ ಅವರ ಕಂಪ್ಯೂಟರಿನಲ್ಲಿದ್ದ ಪ್ರತಿಯೇ ಕೈ ಹಿಡಿಯಿತು. ಕಮಾಂಡ್ ಕೊಟ್ಟವರು ಯಾರೆಂದು ಹುಡುಕುತ್ತಾ ಸಂಸ್ಥೆ ಕಾಲ ಕಳೆಯಲಿಲ್ಲ.

ಬೈಯದಿದ್ದರೆ ಮಕ್ಕಳಿಗೆ ಜವಾಬ್ದಾರಿ ಬರುವುದಿಲ್ಲ ಎಂದು ಕೆಲವು ಉಪನ್ಯಾಸಕರು ಹೇಳಬಹುದು. ಆ ಮಾತಿನಲ್ಲೂ ಹುರುಳಿದೆ. ಆದರೆ ಬುದ್ಧಿಮಾತಿಗೆ ಮಾರನೆಯ ದಿನವೂ ಸಮಯವಿರುತ್ತದೆ, ಫೈಲಿಗೆ ಇರುವುದಿಲ್ಲ. ಬೈಗುಳಕ್ಕೆ ಹೆದರಿ ಒಂದು ಗಂಟೆ ಮುಚ್ಚಿಟ್ಟರೆ ಅಷ್ಟರಲ್ಲಿ ಎಲ್ಲವೂ ಮುಗಿದಿರಬಹುದು.

ಕಾಲೇಜಿಗೆ ನನ್ನ ವಿನಂತಿ ಮೂರು. 'ಫೈಲ್ ಹೋದರೆ ಕೆಲಸ ನಿಲ್ಲಿಸಿ, ತಕ್ಷಣ ತಿಳಿಸಿ' ಎಂಬ ಫಲಕ ಲ್ಯಾಬ್ ಗೋಡೆಯ ಮೇಲಿರಲಿ. ಮರುಪಡೆಯುವ ಸಾಫ್ಟ್‌ವೇರ್ ಇರುವ ಒಂದು ಪೆನ್‌ಡ್ರೈವ್ ಸದಾ ಲ್ಯಾಬ್‌ನಲ್ಲಿ ಸಿದ್ಧವಿರಲಿ. ತಾನಾಗಿ ಬಂದು ಹೇಳಿದವರ ಪ್ರಾಕ್ಟಿಕಲ್ ಅಂಕಕ್ಕೆ ಕತ್ತರಿ ಬೀಳದಿರಲಿ.

ಗೆಳೆಯ ಗೆಳತಿಯರೇ, ನಮ್ಮ ಪಾಲಿನದು ಒಂದೇ ಕೆಲಸ: ಪ್ರತಿ ಫೈಲೂ ಎರಡು ಕಡೆ ಇರಲಿ. ವಾರ್ಷಿಕ ಸಂಚಿಕೆಯ ಕನ್ನಡ, ಉರ್ದು, ಇಂಗ್ಲಿಷ್ ಪುಟಗಳ ಟೈಪಿಂಗ್ ಈಗಷ್ಟೇ ಶುರುವಾಗಿದೆ. ಅಲ್ಲಿಂದಲೇ ಆರಂಭಿಸೋಣ.